ಮಕ್ಕಳ ಓದಿಗೆ ಮನೆಯ ಮಾತೇ ಗೊಬ್ಬರ



ಈ ಸಂಚಿಕೆಗೆ ಕಾಫಿಯ ಕಾಯಿಕೊರಕದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿದ್ದಾರೆ. ನಾನು ಇಪ್ಪತ್ತೇಳು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದು, ಈಗ ಎರಡೂವರೆ ಎಕರೆ ಅಡಿಕೆ, ನಡುವೆ ಒಂದಿಷ್ಟು ಕಾಫಿ ನೋಡಿಕೊಂಡಿರುವವನು. ಆದುದರಿಂದ ನನಗೆ ಗೊತ್ತಿರುವ ಸಸಿಯ ಬಗ್ಗೆಯೇ ನಾಲ್ಕು ಮಾತು ಬರೆಯುತ್ತೇನೆ. ಅದು ನಮ್ಮೆಲ್ಲರ ಮನೆಯಲ್ಲಿಯೂ ಇರುವ, ಮೂರರಿಂದ ಎಂಟು ವರ್ಷದ ಸಸಿ.

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ನಮ್ಮ ಸಂಘದಿಂದ ಕೊಳೆರೋಗದ ಸುತ್ತೋಲೆ ಬಂತು. ಪೇಟೆಯಿಂದ ರಜೆಗೆ ಬಂದಿದ್ದ ಮೊಮ್ಮಗ ಜಗಲಿಯ ಮೇಲಿದ್ದ. ಮೂರನೆಯ ತರಗತಿ ಮುಗಿಸಿದವನು. ನನ್ನ ಕನ್ನಡಕ ಒಳಗಿತ್ತು. ಓದಿ ಹೇಳೋ ಎಂದೆ. ಹುಡುಗ ಸುತ್ತೋಲೆಯನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ತಡವರಿಸದೆ ಓದಿದ. ಮುಂಗಾರು ಆರಂಭವಾಗುವ ಮುನ್ನ ಗೊನೆಗಳಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸತಕ್ಕದ್ದು, ಬಸಿಗಾಲುವೆಯ ಹೂಳು ತೆಗೆಯತಕ್ಕದ್ದು, ಉದುರಿದ ರೋಗದ ಕಾಯಿಗಳನ್ನು ಆರಿಸಿ ನಾಶಪಡಿಸತಕ್ಕದ್ದು, ಇತ್ಯಾದಿ. ನನಗೆ ಹೆಮ್ಮೆಯಾಯಿತು. “ಬಸಿಗಾಲುವೆ ಎಂದರೆ ಏನು?” ಎಂದು ಸುಮ್ಮನೆ ಕೇಳಿದೆ. “ಬಸ್ಸು ಹೋಗುವ ಕಾಲುವೆಯಾ ಅಜ್ಜ?” ಎಂದ. ಹೂಳು ಗೊತ್ತಿಲ್ಲ. ದ್ರಾವಣ ಗೊತ್ತಿಲ್ಲ. ಗೊನೆ ಎಂದರೆ ಬಾಳೆಗೊನೆ ಒಂದೇ.

ತೋಟದ ಕೆಲಸಕ್ಕೆ ಬರುವ ಹೆಂಗಸಿನ ಮಗಳು ಅಂಗಳದ ತುದಿಯಲ್ಲಿ ನಿಂತು ಕೇಳುತ್ತಿದ್ದಳು. ಅವಳೂ ಅದೇ ವಯಸ್ಸಿನವಳು, ಇಲ್ಲಿಯ ಶಾಲೆಯಲ್ಲಿ ಅದೇ ತರಗತಿ. “ತೋಟದ ನೀರು ನಿಲ್ಲದ ಹಾಗೆ ಇಳಿದು ಹೋಗಲಿಕ್ಕೆ ತೋಡಿರ್ತಾರಲ್ಲ ಅಜ್ಜಯ್ಯಾ, ಅದು. ಮಣ್ಣು ಕೂತರೆ ನೀರು ನಿಂತು ಬೇರು ಕೊಳೀತದೆ” ಎಂದಳು. ಮೈಲುತುತ್ತ ಯಾವುದು, ಸುಣ್ಣ ಎಷ್ಟು, ಯಾಕೆ ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಸೇರಿಸುತ್ತಾರೆ, ಎಲ್ಲವನ್ನೂ ಹೇಳಿದಳು. ಸರಿ, ಇವಳು ಇನ್ನೂ ಚೆನ್ನಾಗಿ ಓದಿಯಾಳು ಎಂದು ಸುತ್ತೋಲೆಯನ್ನು ಅವಳ ಕೈಗೆ ಕೊಟ್ಟೆ. ಹುಡುಗಿಯ ಮುಖ ಬಾಡಿತು. ‘ಮುಂಗಾರು’ ಎಂಬ ಮೊದಲ ಶಬ್ದದ ‘ಮುಂ’ ಹತ್ತಿರವೇ ನಿಂತಳು. ಬೆರಳಿಟ್ಟು ‘ಗಾ’ ಎಂದಳು, ‘ರ’ ಎಂದಳು, ಕಾಗದ ಹಿಂದೆ ಕೊಟ್ಟು ಓಡಿದಳು.

ಸಂಜೆ ಅವಳ ತಾಯಿಯನ್ನು ಕೇಳಿದೆ. “ಅದಕ್ಕೆ ವಿದ್ಯೆ ತಲೆಗೆ ಹತ್ತೋದಿಲ್ಲ ಅಯ್ಯಾ, ಶಾಲೆಯಲ್ಲೂ ಹಾಗೇ ಹೇಳಿದಾರೆ. ಕೆಲಸಕ್ಕಾದ್ರೂ ಕೈ ಹತ್ತಲಿ” ಎಂದಳು. ಬೋರ್ಡೋ ದ್ರಾವಣದ ಮರ್ಮವನ್ನು ನಿಂತ ನಿಲುವಿನಲ್ಲಿ ವಿವರಿಸಿದ ಮಗುವಿಗೆ ತಲೆಯಿಲ್ಲ ಎಂದು ತಾಯಿಯೇ ನಂಬಿದ್ದಳು. ಆ ದಿನ ರಾತ್ರಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ.

ಒಬ್ಬನಿಗೆ ಅಕ್ಷರವಿತ್ತು, ಮಾತಿರಲಿಲ್ಲ. ಇನ್ನೊಬ್ಬಳಿಗೆ ಮಾತಿತ್ತು, ಅಕ್ಷರವಿರಲಿಲ್ಲ. ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಇದನ್ನೇ ಒಂದು ಸಣ್ಣ ಲೆಕ್ಕವಾಗಿ ಬರೆದರು. ಓದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಮಾತು ತಿಳಿಯುವ ಶಕ್ತಿ, ಇವೆರಡರ ಗುಣಾಕಾರ ಎಂದರು. ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ ಎಂಬುದನ್ನು ಗಮನಿಸಬೇಕು. ಕೂಡುವುದಾದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿತ್ತು. ಗುಣಿಸುವಾಗ ಒಂದು ಕಡೆ ಸೊನ್ನೆಯಾದರೆ ಇನ್ನೊಂದು ಕಡೆ ನೂರಿದ್ದರೂ ಉತ್ತರ ಸೊನ್ನೆಯೇ. ನಮ್ಮ ಜಗಲಿಯಲ್ಲಿ ಆ ದಿನ ಎರಡು ಸೊನ್ನೆಗಳು ಎದುರುಬದುರು ನಿಂತಿದ್ದವು. ಒಂದಕ್ಕೆ ಪ್ರಗತಿಪತ್ರದಲ್ಲಿ ಎ ಪ್ಲಸ್ ಇತ್ತು, ಇನ್ನೊಂದಕ್ಕೆ ‘ದಡ್ಡಿ’ ಎಂಬ ಹೆಸರಿತ್ತು, ಅಷ್ಟೇ ವ್ಯತ್ಯಾಸ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ಎರಡನೆಯ ಮಗ ಚಿಕ್ಕಂದಿನಲ್ಲಿ ಓದಿನಲ್ಲಿ ಹಿಂದಿದ್ದ. ಮಾಸ್ತರನ ಮಗ ಓದುವುದಿಲ್ಲವೆಂದರೆ ಮರ್ಯಾದೆಯ ಪ್ರಶ್ನೆ ಎಂದುಕೊಂಡು ದಿನವೂ ಸಂಜೆ ಬೆತ್ತ ಹಿಡಿದು ಕೂರುತ್ತಿದ್ದೆ. ಕಾಗುಣಿತ ಉರು ಹೊಡೆಸಿದೆ. ಅಡಿಕೆ ಸುಲಿಯುವಲ್ಲಿಗೆ ಹೋಗಿ ಹೆಂಗಸರ ಮಾತು ಕೇಳುತ್ತ ಕೂರುವುದು ಅವನಿಗೆ ಪ್ರಾಣ. ಅದನ್ನು ತಪ್ಪಿಸಿ, “ಬಾಯಿ ಮುಚ್ಚಿ ಕೂತು ಓದು” ಎಂದೆ. ಬಾಯಿ ಮುಚ್ಚಿದ, ಓದು ಮಾತ್ರ ಬರಲಿಲ್ಲ. ಹತ್ತನೆಯ ತರಗತಿಗೆ ನಿಂತಿತು. ಇಂದು ತೋಟ ಅವನ ಕೈಯಲ್ಲೇ ಇದೆ, ನನಗಿಂತ ಚೆನ್ನಾಗಿ ನೋಡುತ್ತಾನೆ. ಆದರೆ ಸಂಘದಿಂದ, ಬ್ಯಾಂಕಿನಿಂದ ಕಾಗದ ಬಂದರೆ ಮಾತಿಲ್ಲದೆ ಹೆಂಡತಿಯ ಕೈಗೆ ದಾಟಿಸುತ್ತಾನೆ. ಒಮ್ಮೆ ಅವಳು ತವರಿಗೆ ಹೋಗಿದ್ದಾಗ ಸಾಲದ ಪತ್ರವೊಂದಕ್ಕೆ ಷರತ್ತು ಓದದೆ ರುಜು ಹಾಕಿ ಬಂದು, ಎರಡು ವರ್ಷ ಹೆಚ್ಚಿನ ಬಡ್ಡಿ ಕಟ್ಟಿದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. “ಬರಿ ಅಪ್ಪಯ್ಯ, ಇನ್ನೊಬ್ಬರಾದರೂ ಮಕ್ಕಳಿಗೆ ಹೊಡೆಯುವುದು ಬಿಡಲಿ” ಎಂದ.

ಮೊದಲು ಮಾತಿನ ವಿಷಯ ಹೇಳುತ್ತೇನೆ, ಏಕೆಂದರೆ ಇದು ಖರ್ಚಿಲ್ಲದ್ದು ಮತ್ತು ನಮ್ಮ ಕೈಯಲ್ಲಿರುವುದು.

ಹಳಬರಿಗೆ ನೆನಪಿರಬಹುದು. ಕಾರ್ತೀಕ ಮಾಸದಿಂದ ಅಡಿಕೆ ಸುಲಿಯುವ ರಾತ್ರಿಗಳು. ಚಪ್ಪರದ ಕೆಳಗೆ ಲಾಟೀನು, ಸಾಲಾಗಿ ಮೆಟ್ಟುಕತ್ತಿಗಳು, ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ. ಹತ್ತು ಹದಿನೈದು ಜನ ಕೂತು ಸುಲಿಯುತ್ತಿದ್ದರು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಬಾಯಿ ಖಾಲಿ. ಆಗ ಬರುತ್ತಿದ್ದ ಕತೆಗಳೆಷ್ಟು, ಒಗಟುಗಳೆಷ್ಟು, ಯಾರದೋ ಮನೆಯ ಜಗಳದ ವರದಿ ಎಷ್ಟು! ನಾವು ಮಕ್ಕಳು ಸಿಪ್ಪೆಯ ರಾಶಿಯ ಮೇಲೆ ಮಲಗಿ ಕೇಳುತ್ತಿದ್ದೆವು. ಗೊರಬಲು, ಬೆಟ್ಟೆ, ಸರಕು, ರಾಶಿ ಇಡಿ ಎಂಬ ಶಬ್ದಗಳನ್ನು ಯಾರೂ ನಮಗೆ ಪಾಠ ಮಾಡಲಿಲ್ಲ. ಹಾಗೆಯೇ ‘ಋಣ’, ‘ಹಂಗು’, ‘ಬಿನ್ನಾಣ’, ‘ಮುನಿಸು’ ಎಂಬ ಶಬ್ದಗಳನ್ನೂ ಕಲಿಸಲಿಲ್ಲ. ಕತೆಯ ಒಳಗಿಂದ ಅವು ತಾವಾಗಿ ಬಂದು ಕೂತವು. ನಾಲ್ಕನೆಯ ತರಗತಿಯ ಪುಸ್ತಕದಲ್ಲಿ ಮುಂದೆ ಆ ಶಬ್ದಗಳು ಎದುರಾದಾಗ ಹಳೆಯ ಪರಿಚಯಸ್ಥರಂತೆ ಕಂಡವು.

ಈಗ ಸುಲಿಯುವ ಯಂತ್ರ ಬಂದಿದೆ. ಅದನ್ನು ನಾನು ದೂರುವುದಿಲ್ಲ. ಆಳು ಸಿಗದ ಕಾಲದಲ್ಲಿ ಯಂತ್ರವಿಲ್ಲದಿದ್ದರೆ ಅಡಿಕೆ ಅಂಗಳದಲ್ಲೇ ಬೂಸಲು ಹಿಡಿಯುತ್ತಿತ್ತು. ಆದರೆ ಯಂತ್ರದ ಸದ್ದಿನಲ್ಲಿ ಯಾರೂ ಕತೆ ಹೇಳುವುದಿಲ್ಲ. ಹತ್ತು ಜನರ ಜಾಗದಲ್ಲಿ ಇಬ್ಬರಿರುತ್ತಾರೆ, ಅವರೂ ಕಿವಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಮಗು ಒಳಗೆ ಮೊಬೈಲು ನೋಡುತ್ತಿರುತ್ತದೆ. ಸುಲಿಯುವ ಕೂಲಿ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಿದ್ದೇವೆ, ಮಗುವಿನ ಕಿವಿಗೆ ಬೀಳುತ್ತಿದ್ದ ಮಾತು ಎಷ್ಟು ಕಡಿಮೆಯಾಯಿತು ಎಂದು ಯಾರೂ ಲೆಕ್ಕ ಹಾಕಿಲ್ಲ.

ಹೊರದೇಶದಲ್ಲಿ ಇಂಥ ಲೆಕ್ಕವನ್ನೂ ಹಾಕಿದವರಿದ್ದಾರೆ. ಅಮೆರಿಕದ ಹಾರ್ಟ್ ಮತ್ತು ರಿಸ್ಲೀ ಎಂಬವರು 42 ಮನೆಗಳಿಗೆ ತಿಂಗಳು ತಿಂಗಳೂ ಹೋಗಿ, ಮಗು ಮೂರು ವರ್ಷದ್ದಾಗುವವರೆಗೆ ಮನೆಯ ಮಾತನ್ನು ದಾಖಲು ಮಾಡಿಕೊಂಡರು. ಉಳ್ಳವರ ಮನೆಯ ಮಗು ಕೇಳುವ ಮಾತಿಗೂ ಬಡವರ ಮನೆಯ ಮಗು ಕೇಳುವ ಮಾತಿಗೂ ಭಾರಿ ಅಂತರವಿದೆ ಎಂದು 1995ರಲ್ಲಿ ಪುಸ್ತಕ ಬರೆದರು. ಅದು ಬಹಳ ಹೆಸರಾಯಿತು. ಆದರೆ ಅವರು ಎಣಿಸಿದ್ದು ಮುಖ್ಯವಾಗಿ ತಂದೆತಾಯಿ ಮಗುವಿಗೇ ಹೇಳಿದ ಮಾತನ್ನು. ಅಜ್ಜಿ, ಅತ್ತೆ, ನೆರೆಯವರು ತಮ್ಮತಮ್ಮೊಳಗೆ ಆಡಿ ಮಗು ಪಕ್ಕದಲ್ಲಿ ಕೇಳಿಸಿಕೊಂಡ ಮಾತನ್ನೂ ಸೇರಿಸಿದರೆ ಚಿತ್ರವೇ ಬದಲಾಗುತ್ತದೆ ಎಂದು 2019ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ಇದನ್ನು ಓದಿದಾಗ ನನಗೆ ನಮ್ಮ ಚಪ್ಪರ ನೆನಪಾಯಿತು. ಬಡವರ ಮನೆಯಲ್ಲಿ ಮಾತಿಲ್ಲ ಎನ್ನುವುದು ಸುಳ್ಳು. ನಮ್ಮ ಆ ಹುಡುಗಿಗೆ ಮಾತು ಎಲ್ಲಿಂದ ಬಂತು? ತಾಯಿಯ ಸೆರಗು ಹಿಡಿದು ತೋಟ ಸುತ್ತಿದ್ದರಿಂದ ಬಂತು.

ಆದರೂ ಕೇಳಿದರಷ್ಟೇ ಸಾಲದು, ಮಗುವೂ ತಿರುಗಿ ಮಾತಾಡಬೇಕು. ನಮ್ಮಲ್ಲಿ ಇದೇ ಕಷ್ಟ. ಮಗು ಪ್ರಶ್ನೆ ಕೇಳಿದರೆ ‘ಅಧಿಕಪ್ರಸಂಗ’ ಎನ್ನುತ್ತೇವೆ. ಕಣದಲ್ಲಿ ಕಾಫಿ ಹರವುವಾಗ ನಾಲ್ಕು ವರ್ಷದ ಮಗು “ಯಾಕೆ ತಿರುವೋದು?” ಎಂದರೆ, “ಅಡ್ಡ ಬರಬೇಡ, ಆಚೆ ಹೋಗು” ಎನ್ನದೆ, “ಅಡಿಯದ್ದು ಒಣಗಬೇಡವಾ? ತಿರುವದಿದ್ದರೆ ಏನಾಗ್ತದೆ ಹೇಳು ನೋಡುವಾ” ಎಂದು ಕೇಳಿ. ಅದು ತಪ್ಪು ಹೇಳಲಿ, ಹೇಳಿಸಿಕೊಳ್ಳಿ. “ಪಲ್ಪರಿಗೆ ಹಾಕಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರ್ರಿ” ಎಂದು ಒಂದು ವಾಕ್ಯ ಹೇಳಿದರೆ ಮಗುವಿಗೆ ಎರಡು ಹೆಸರು ಮಾತ್ರವಲ್ಲ, ಎರಡರ ನಡುವಿನ ಸಂಬಂಧವೂ ಸಿಕ್ಕಿತು. ಒಂಟಿ ಶಬ್ದ ಮರೆತುಹೋಗುತ್ತದೆ. ಇನ್ನೊಂದಕ್ಕೆ ಹೆಣೆದ ಶಬ್ದ ನಿಲ್ಲುತ್ತದೆ. ಒಂದೇ ಶಬ್ದ ಬೇರೆ ಬೇರೆ ಸಂದರ್ಭದಲ್ಲಿ ಹತ್ತಾರು ಸಲ ಕಿವಿಗೆ ಬೀಳಬೇಕೆಂಬುದೂ ನನ್ನ ಮಾಸ್ತರಿಕೆಯ ಅನುಭವ.

ತೋಟದಲ್ಲಿ ಸಿಗದ ಶಬ್ದಗಳೂ ಇವೆ. ಸಮುದ್ರ, ಸಿಂಹಾಸನ, ಪ್ರಾಮಾಣಿಕ, ಆಶ್ಚರ್ಯ, ಇವು ದಿನದ ಮಾತಿನಲ್ಲಿ ಬರುವುದು ಕಡಿಮೆ. ಇವು ಬರುವುದು ಪುಸ್ತಕದಿಂದ. ಅದಕ್ಕಾಗಿ, ಓದಲು ಬಾರದ ವಯಸ್ಸಿನಲ್ಲೇ ಮಗುವಿಗೆ ಪುಸ್ತಕ ಓದಿ ಹೇಳಬೇಕು. ಹೇಳುವುದರಲ್ಲಿಯೂ ಒಂದು ಕ್ರಮವಿದೆ. 1988ರಲ್ಲಿ ವೈಟ್‌ಹರ್ಸ್ಟ್ ಎಂಬವರು ಅಮೆರಿಕದಲ್ಲಿ ಎರಡು ಮೂರು ವರ್ಷದ ಮಕ್ಕಳ ತಾಯಂದಿರಿಗೆ, ಚಿತ್ರದ ಪುಸ್ತಕವನ್ನು ತಾವೇ ಗಡಗಡ ಓದಿ ಮುಗಿಸುವ ಬದಲು ಮಗುವನ್ನೇ ಮಾತಾಡಿಸಲು ಹೇಳಿಕೊಟ್ಟರು. “ಇದೇನು? ಇವನು ಏನು ಮಾಡ್ತಿದ್ದಾನೆ? ಯಾಕೆ ಅಳ್ತಿದ್ದಾನೆ?” ಎಂದು ಕೇಳುವುದು, ಮಗು ಒಂದು ಶಬ್ದ ಹೇಳಿದರೆ ಅದಕ್ಕೆ ಎರಡು ಸೇರಿಸಿ ಹಿಂದಕ್ಕೆ ಹೇಳುವುದು, ಇಷ್ಟೇ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು. ಮಗು “ನಾಯಿ” ಎಂದರೆ ನೀವು “ಹೌದು, ಕರಿ ನಾಯಿ ಮಳೆಗೆ ಒದ್ದೆಯಾಗಿ ನಡುಗ್ತಾ ಇದೆ” ಎನ್ನಬೇಕು. ಸ್ವತಃ ಓದಲು ಬಾರದ ತಾಯಿಯೂ ಚಿತ್ರ ನೋಡಿ ಇದನ್ನು ಮಾಡಬಲ್ಲಳು.

ಇನ್ನು ಅಕ್ಷರದ ವಿಷಯ. ನಾವೆಲ್ಲ ಮಕ್ಕಳ ಮೇಲೆ ಅನ್ಯಾಯ ಮಾಡುವುದು ಇಲ್ಲಿ.

ಕನ್ನಡದಲ್ಲಿ ಅಕ್ಷರ 49 ಎಂದು ಹೇಳಿ ಮುಗಿಸುತ್ತೇವೆ. 34 ವ್ಯಂಜನಗಳಿಗೆ ‘ಕ’ದಿಂದ ‘ಕಃ’ವರೆಗೆ 15 ರೂಪದಂತೆ ಗುಣಿಸಿ ನೋಡಿ, 510 ಆಯಿತು. ಅದರಲ್ಲಿ ಬಳಕೆಗೇ ಬಾರದವನ್ನು ಬಿಟ್ಟರೂ ನಾಲ್ಕೈದು ನೂರಕ್ಕೆ ಹತ್ತಿರ. ಅದರ ಮೇಲೆ ಒತ್ತಕ್ಷರಗಳು. ‘ತ’ಕ್ಕೆ ‘ತ’ ಒತ್ತು ಬಂದರೆ ಅದು ‘ತ’ದ ಹಾಗೆ ಕಾಣುವುದೇ ಇಲ್ಲ. ‘ಸೂರ್ಯ’ ಎಂಬಲ್ಲಿ ಬಾಯಿ ಮೊದಲು ಹೇಳುವ ‘ರ್’ ಅನ್ನು ಕೈ ಕೊನೆಗೆ ಅರ್ಕಾವತ್ತಾಗಿ ಬರೆಯುತ್ತದೆ. ‘ಮ’ ಮತ್ತು ‘ವು’ ಅವಳಿಜವಳಿ. ‘ಪ’, ‘ಫ’, ‘ಷ’ ಮೂವರು ಅಣ್ಣತಮ್ಮಂದಿರು. ಇಂಗ್ಲಿಷಿನ 26 ಅಕ್ಷರ ಕಲಿಯುವ ಮಗುವಿನೊಡನೆ ಈ ಮಗುವನ್ನು ಹೋಲಿಸಿ ‘ನಿಧಾನ’ ಎನ್ನುವುದು, ಐದು ವರ್ಷಕ್ಕೆ ಫಸಲು ಕೊಡುವ ಅಡಿಕೆಯನ್ನು ಮೂರು ತಿಂಗಳ ಬೆಂಡೆಗೆ ಹೋಲಿಸಿದಂತೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳ ಕಲಿಕೆ ಒಂದನೆಯ ತರಗತಿಯಲ್ಲಿ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದ್ದಾರೆ. ಇದನ್ನು ನಾನು ನೌಕರಿಗೆ ಸೇರಿದ ವರ್ಷ ಯಾರಾದರೂ ಹೇಳಿದ್ದರೆ ಎಷ್ಟು ಮಕ್ಕಳ ಬೆನ್ನು ಉಳಿಯುತ್ತಿತ್ತೋ!

ಆದುದರಿಂದ ಆತುರ ಬೇಡ. ಅಕ್ಷರ ತೋರಿಸುವ ಮೊದಲು ಕಿವಿಗೆ ಕೆಲಸ ಕೊಡಿ. ‘ಅಡಿಕೆ’ ಎನ್ನುತ್ತ ಚಪ್ಪಾಳೆ ತಟ್ಟಿಸಿ: ಅ-ಡಿ-ಕೆ, ಮೂರು. ಕಾ-ಫಿ, ಎರಡು. ಮೆ-ಟ್ಟು-ಕ-ತ್ತಿ, ನಾಲ್ಕು. ನಾಲ್ಕು ವರ್ಷದ ಮಗುವಿಗೆ ಇದು ಆಟ. ಆಮೇಲೆ ಕೊನೆಯ ಅಕ್ಷರ ಹಿಡಿದು ಶಬ್ದ ಪೋಣಿಸುವ ಆಟ: ಅಡಿಕೆ, ಕೆಸರು, ರುಚಿ, ಚಿಗುರು, ರುಮಾಲು... ‘ಲು’ ಬಂದರೆ ಎಲ್ಲರೂ ಸೋತೆವು, ಮತ್ತೆ ಮೊದಲಿನಿಂದ. ಮೊದಲ ಅಕ್ಷರ ಬದಲಿಸುವ ಆಟ: ಹಾಳೆ, ಬಾಳೆ, ನಾಳೆ, ಗೊನೆ, ಕೊನೆ, ಮೊನೆ. ಶಬ್ದವೆಂಬುದು ತುಂಡು ಮಾಡಬಹುದಾದ, ತುಂಡುಗಳನ್ನು ಅದಲುಬದಲು ಮಾಡಬಹುದಾದ ವಸ್ತು ಎಂದು ಮಗುವಿಗೆ ಹೊಳೆಯಬೇಕು. ಅದು ಹೊಳೆದ ಮಗುವಿಗೆ ಅಕ್ಷರ ಎಂದರೆ ಆ ತುಂಡಿನ ಗುರುತು ಎಂಬುದು ತಾನಾಗಿ ತಿಳಿಯುತ್ತದೆ. ಹೊಳೆಯದ ಮಗುವಿಗೆ ಅದು ಹಲಗೆಯ ಮೇಲಿನ ಚಿತ್ತಾರ.

ಅಕ್ಷರಗಳನ್ನೂ ‘ಅ ಆ ಇ ಈ’ ಕ್ರಮದಲ್ಲೇ ಕಲಿಸಬೇಕೆಂಬ ಹಟ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಎಂದು ಹೊರಡುತ್ತಾರೆ. ಹಿರಿಯರು ಇದನ್ನು ಕಂಡು ‘ಇದೆಂಥ ಅಕ್ಷರಮಾಲೆ’ ಎಂದು ನಕ್ಕದ್ದುಂಟು, ನಾನೂ ನಕ್ಕಿದ್ದೆ. ಆದರೆ ಆ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಂದು ಶಬ್ದಗಳನ್ನೇ ಓದಬಹುದು. ‘ಅ ಆ ಇ ಈ ಉ’ ಕಲಿತ ಮಗು ಏನನ್ನು ಓದೀತು? ಮೊದಲ ವಾರವೇ ‘ಗರಗಸ’ ಎಂದು ಓದಿ, ಬಚ್ಚಲ ಹಿಂದೆ ತೂಗುಹಾಕಿದ ಗರಗಸವನ್ನು ತೋರಿಸಿದ ಮಗುವಿಗೆ ಓದು ಎಂದರೇನೆಂದು ಗೊತ್ತಾಯಿತು.

ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ರಾಗದಲ್ಲಿ ಹೇಳುವ ಮಗುವಿಗೆ ನಡುವಿನಿಂದ ‘ಕೊ’ ತೋರಿಸಿದರೆ ಬಾರದು. ಮತ್ತೆ ‘ಕ’ದಿಂದ ರಾಗ ಎಳೆದು ಬರಬೇಕು. ಅದರ ಬದಲು ಶಬ್ದವನ್ನೇ ಜೊತೆ ಮಾಡಿ ಕೊಡಿ. ಗರಿ, ಗಿರಿ, ಗುರಿ. ಹಳೆ, ಹಾಳೆ. ಬಿಡು, ಬೀಡು. ಒಂದು ಗೀಟು ಬದಲಾದರೆ ಅರ್ಥವೇ ಬದಲಾಗುತ್ತದೆ ಎಂಬುದನ್ನು ಕಂಡ ಮಗು ಗೀಟನ್ನು ಮರೆಯುವುದಿಲ್ಲ. ಒತ್ತಕ್ಷರಕ್ಕೆ ‘ಕತೆ’ ಮತ್ತು ‘ಕತ್ತೆ’ಗಿಂತ ಒಳ್ಳೆಯ ಪಾಠ ನನಗೆ ಇದುವರೆಗೆ ಸಿಕ್ಕಿಲ್ಲ. “ಅಜ್ಜ ಕತ್ತೆ ಹೇಳಿದರು” ಎಂದು ಬರೆದು ಓದಿಸಿ, ಮಗು ನಗುತ್ತದೆ, ಮುಂದೆ ಒತ್ತು ಬಿಡುವುದಿಲ್ಲ.

ಮನೆಮಾತಿನ ಪ್ರಶ್ನೆಯೊಂದಿದೆ. ನಮ್ಮ ಸಂಘದ ವ್ಯಾಪ್ತಿಯಲ್ಲಿಯೇ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲೆಯಾಳ ಆಡುವ ಮನೆಗಳಿವೆ; ಲೈನ್ ಮನೆಗಳಲ್ಲಿ ತಮಿಳಿದೆ, ಈಚೆಗೆ ಅಸ್ಸಾಮಿನಿಂದ ಬಂದ ಸಂಸಾರಗಳೂ ಇವೆ. ‘ಶಾಲೆಯ ಭಾಷೆಯನ್ನೇ ಮನೆಯಲ್ಲೂ ಆಡಿ’ ಎಂದು ತಾಯಂದಿರಿಗೆ ಉಪದೇಶ ಮಾಡುವವರನ್ನು ಕಂಡಿದ್ದೇನೆ. ಬಾರದ ಭಾಷೆಯಲ್ಲಿ ತಾಯಿ ಎಷ್ಟು ಮಾತಾಡಿಯಾಳು? ‘ಬಾ, ಹೋಗು, ತಿನ್ನು’ ಎನ್ನುವಷ್ಟು. ಅವಳ ಬಾಯಿ ತುಂಬ ಮಾತು ಇರುವುದು ಅವಳ ಮಾತಿನಲ್ಲಿ. ನೀರು ಯಾಕೆ ಆವಿಯಾಗುತ್ತದೆ ಎಂಬುದು ತುಳುವಿನಲ್ಲಿ ತಿಳಿದ ಮಗುವಿಗೆ ಕನ್ನಡದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಸರು ಮಾತ್ರ. ಮಗುವಿಗೆ ತಾಯಿಮಾತಿನಲ್ಲೇ ಮೊದಲ ಓದು ಸಿಗಬೇಕೆಂದು ಯುನೆಸ್ಕೋ 1953ರಲ್ಲಿಯೇ ವರದಿ ಮಾಡಿತ್ತು. ಇಂಗ್ಲಿಷ್ ಶಾಲೆಗೆ ಕಳಿಸಬೇಡಿ ಎಂದು ನಾನು ಹೇಳಲಾರೆ, ನನ್ನ ಮೊಮ್ಮಗನೇ ಹೋಗುತ್ತಿದ್ದಾನೆ. ಆದರೆ ಕಳಿಸುವವರು ಮನೆಯಲ್ಲಿ ಮನೆಯ ಮಾತನ್ನು ಎರಡರಷ್ಟು ಆಡಬೇಕು. ನಮ್ಮ ಹುಡುಗನ ಬಸಿಗಾಲುವೆಯ ಕತೆ ನೋಡಿದಿರಲ್ಲ.

ಮೊಬೈಲಿನ ಬಗ್ಗೆ ಕೇಳುವವರಿದ್ದಾರೆ. ಅದು ಮಾತಾಡುತ್ತದೆ, ಮಗುವಿಗೆ ಉತ್ತರ ಕೊಡುವ ಕೆಲಸವಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ. ದೊಡ್ಡ ಮಗುವಿಗೆ ಕೊಟ್ಟರೂ ಪಕ್ಕದಲ್ಲಿ ಕೂತು ಕೊಡಿ.

ಪುಸ್ತಕ ಎಲ್ಲಿದೆ ಎಂದರೆ, ನಾವು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲಿದೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ನಮ್ಮಲ್ಲಿ ಎಷ್ಟು ಜನ ಹೋಗಿ ಹೆಸರು ಬರೆಸಿದ್ದೇವೆ? ಪ್ರಥಮ್ ಬುಕ್ಸ್ ಎಂಬ ಬೆಂಗಳೂರಿನ ಸಂಸ್ಥೆ ಕಡಿಮೆ ಬೆಲೆಗೆ ಚಿತ್ರದ ಕನ್ನಡ ಪುಸ್ತಕಗಳನ್ನು ತರುತ್ತದೆ. 2015ರಿಂದ ‘ಸ್ಟೋರಿವೀವರ್’ನಲ್ಲಿ ಕಾಸಿಲ್ಲದೆಯೂ ಓದಬಹುದು, ಮೊಬೈಲಿನಿಂದ ಆಗುವ ಒಳ್ಳೆಯ ಕೆಲಸಗಳಲ್ಲಿ ಇದೊಂದು. ನಮ್ಮ ಕಾಲದ ಚಂದಮಾಮ ನಿಂತುಹೋಗಿದೆ, ಏನು ಮಾಡುವುದು. ಮಕ್ಕಳಿಗೆ ಬರೆಯುವುದು ಸಣ್ಣ ಕೆಲಸ ಎಂದುಕೊಳ್ಳದ ದೊಡ್ಡವರು ನಮ್ಮ ಸೀಮೆಯಲ್ಲೇ ಇದ್ದರು. ಬಂಟ್ವಾಳದಲ್ಲಿ ಹುಟ್ಟಿ ಕೊಡಗಿನಲ್ಲಿ ಮಾಸ್ತರಿಕೆ ಮಾಡಿದ ಪಂಜೆ ಮಂಗೇಶರಾಯರು ಒಬ್ಬರು. ಅಡಿಕೆಯ ನಾಡಾದ ಪುತ್ತೂರಿನಲ್ಲಿ ಕೂತು 1936ರಲ್ಲಿ ಮೂರು ಸಂಪುಟದ ‘ಬಾಲಪ್ರಪಂಚ’ವನ್ನು ಹೊರತಂದ ಶಿವರಾಮ ಕಾರಂತರು ಇನ್ನೊಬ್ಬರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಷ್ಟು ಮಾಡಿದರೂ ಮಾತು ಬಾರದ, ಕರೆದರೆ ತಿರುಗದ ಮಗುವಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಕಿವಿ ಸೋರುವುದನ್ನು ನಾವು ಹರಳೆಣ್ಣೆ ಬಿಟ್ಟು ಸುಮ್ಮನಾಗುತ್ತೇವೆ. ಕಿವಿ ಕೇಳದೆ ಮಾತು ಹೇಗೆ ಬಂದೀತು? ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕಾಗಿಯೇ ಇದೆ. ಮಾತು ಚುರುಕಾಗಿದ್ದು, ಮೂರು ನಾಲ್ಕು ವರ್ಷ ಸರಿಯಾಗಿ ಕಲಿಸಿದರೂ ಅಕ್ಷರ ಮಾತ್ರ ಹಿಡಿಯದ ಮಕ್ಕಳಿದ್ದಾರೆ. ಅದು ಸೋಮಾರಿತನವಲ್ಲ, ಕಲಿಕೆಯ ಒಂದು ನ್ಯೂನತೆ; 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಅದನ್ನು ಒಪ್ಪಿಕೊಂಡಿದೆ. ನನ್ನ ಮಗನದು ಅದೇ ಇತ್ತೋ ಏನೋ ಎಂದು ಈಗ ಅನ್ನಿಸುತ್ತದೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಜೂನ್‌ನಿಂದ ದಿನವೂ ಸಂಜೆ ತಾಯಿ ಸೌದೆ ಕಟ್ಟಿಕೊಳ್ಳುವಷ್ಟು ಹೊತ್ತು, ಹೆಚ್ಚೆಂದರೆ ಇಪ್ಪತ್ತು ನಿಮಿಷ, ಜಗಲಿಯಲ್ಲಿ ಕೂರಿಸಿಕೊಂಡೆ. ಬೆತ್ತವಿಲ್ಲ. ಮೊದಲ ತಿಂಗಳು ಪುಸ್ತಕವನ್ನೂ ತೆಗೆಯಲಿಲ್ಲ. ಅವಳು ಹೇಳಿದ್ದನ್ನು ನಾನು ಬರೆಯುತ್ತಿದ್ದೆ: “ಇವತ್ತು ಹಂದಿ ಬಂದು ಬಾಳೆ ಬುಡ ಅಗೆದು ಹಾಕಿತ್ತು.” ತನ್ನದೇ ಮಾತು ಕಾಗದದ ಮೇಲೆ ಇರುವುದರಿಂದ ಅದರಲ್ಲಿ ಏನಿದೆಯೆಂದು ಅವಳಿಗೆ ಮೊದಲೇ ಗೊತ್ತು; ಬೆರಳಿಟ್ಟು ಅಕ್ಷರ ಹುಡುಕಿಕೊಳ್ಳುವಳು. ‘ಹಂದಿ’ಯಿಂದ ‘ಹಂ’ ಸಿಕ್ಕಿತು, ‘ಹಂಡೆ’ಗೆ ಬಂತು. ಸೊನ್ನೆಯ ಮರ್ಮ ತಿಳಿದ ಮೇಲೆ ‘ಮುಂಗಾರು’ ಏನು ಮಹಾ! ಆದರೂ ಏರುಪೇರು ಇದ್ದೇ ಇತ್ತು. ಆಗಸ್ಟಿನಲ್ಲಿ ಜ್ವರ ಬಂದು ಹದಿನೈದು ದಿನ ತಪ್ಪಿತು, ಕಲಿತದ್ದರಲ್ಲಿ ಅರ್ಧ ಮರೆತಿದ್ದಳು. ಮಹಾಪ್ರಾಣ ಇನ್ನೂ ಸರಿಯಾಗಿಲ್ಲ, ‘ಭತ್ತ’ ಅವಳಿಗೆ ‘ಬತ್ತ’ವೇ. ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತೇವೆ, ಅವಳನ್ನೇನು ಅನ್ನುವುದು. ದಸರಾ ರಜೆಗೆ ಮೊಮ್ಮಗ ಬಂದಾಗ ಇಬ್ಬರಿಗೂ ಒಪ್ಪಂದ ಮಾಡಿಸಿದೆ: ಅವನು ಪುಸ್ತಕ ಓದಿ ಹೇಳಬೇಕು, ಅವಳು ತೋಟ ಸುತ್ತಿಸಿ ಹೆಸರು ಹೇಳಬೇಕು. ಯಾರು ಯಾರಿಗೆ ಮಾಸ್ತರು ಎಂದು ಜಗಳ ಬಿದ್ದದ್ದೇ ಹೆಚ್ಚು.

ಕಳೆದ ತಿಂಗಳು ತಾಯಿಯ ಜೊತೆ ಅವಳೂ ಪೇಟೆಗೆ ಬಂದಿದ್ದಳು. ನಮ್ಮ ಸಂಘದ ಗೋದಾಮಿನ ಮುಂದೆ ಜೀಪು ನಿಲ್ಲಿಸಿ ನಾನು ಒಳಗೆ ಹೋಗಿದ್ದೆ. ಹೊರಗೆ ಬಂದಾಗ ಹುಡುಗಿ ಗೋಡೆಯ ಮೇಲಿನ ದೊಡ್ಡ ಬರಹವನ್ನು ನೋಡಿ ಬಾಯಿಗೆ ಕೈ ಹಿಡಿದು ನಗುತ್ತಿದ್ದಳು. ಏನೆಂದು ಕೇಳಿದೆ. “ಗೊಬರ ಮಾರಾಟ ಮಳಿಗೆ ಅಂತ ಬರ್ದಿದಾರೆ ಅಜ್ಜಯ್ಯಾ. ಗೊಬ್ಬರದ ಒತ್ತೇ ಇಲ್ಲ!” ಹತ್ತು ವರ್ಷದಿಂದ ಆ ಬಾಗಿಲಲ್ಲಿ ಹೋಗಿಬರುತ್ತಿದ್ದೇನೆ, ಮಳೆಗೆ ಬಣ್ಣ ಉದುರಿ ‘ಬ’ ಒತ್ತು ಅಳಿಸಿಹೋದದ್ದನ್ನು ನಾನು ನೋಡಿರಲಿಲ್ಲ, ನಿಮ್ಮಲ್ಲಿಯೂ ಯಾರೂ ನೋಡಿದಂತಿಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಬರೆಸಬೇಕಾಗಿ ಕಾರ್ಯದರ್ಶಿಯವರಲ್ಲಿ ವಿನಂತಿ.